ದವಡೆಯ ಕೀಲು

ದೇಹದ ಕೀಲುಗಳಲ್ಲಿ ಕೆಲವಕ್ಕೆ ಮಾತ್ರ ಹೆಸರೂ ಪ್ರತಿಷ್ಠೆಯೂ ಉಂಟು. ಮೊಣಕಾಲು ಹಿಡಿಯಿತೆಂದರೆ ಮನೆಯವರೆಲ್ಲರಿಗೂ ಸುದ್ದಿ. ಸೊಂಟ ಹಿಡಿಯಿತೆಂದರೆ ನೆರೆಹೊರೆಯವರಿಗೂ ಸುದ್ದಿ. ಆದರೆ ಬೆಳಗಿನ ಮೊದಲ ತುತ್ತಿನಿಂದ ರಾತ್ರಿಯ ಕೊನೆಯ ಆಕಳಿಕೆಯವರೆಗೆ ದುಡಿಯುವ ಒಂದು ಜೊತೆ ಕೀಲುಗಳು ನಮ್ಮ ಮುಖದಲ್ಲಿಯೇ ಇವೆ. ಅವು ನೋಯುವ ತನಕ ಅವು ಇರುವುದೇ ಬಹುಮಂದಿಗೆ ತಿಳಿಯದು. ಎರಡು ಕಿವಿಗಳ ಮುಂದೆ, ರಂಧ್ರದಿಂದ ಒಂದು ಬೆರಳಗಲದಷ್ಟು ಈಚೆಗೆ, ತೋರುಬೆರಳುಗಳನ್ನಿಟ್ಟು ಬಾಯನ್ನು ಮೆಲ್ಲಗೆ ತೆರೆದು ಮುಚ್ಚಿರಿ. ಬೆರಳಿನ ಕೆಳಗೆ ಗುಂಡಾದುದೊಂದು ಮೊದಲು ಹೊರಳಿ, ಆಮೇಲೆ ಮುಂದಕ್ಕೆ ಜಾರಿ, ಮತ್ತೆ ಹಿಂದಕ್ಕೆ ಬಂದು ನೆಲೆಸುವುದು ತಿಳಿಯುತ್ತದೆ. ಅದೇ ದವಡೆಯ ಕೀಲು. ವೈದ್ಯರು ಅದಕ್ಕೆ ಟೆಂಪೊರೊಮ್ಯಾಂಡಿಬ್ಯುಲರ್ ಜಾಯಿಂಟ್ ಎಂದು, ಉಚ್ಚರಿಸುವುದಕ್ಕೇ ದವಡೆ ನೋಯುವಂತಹ ಹೆಸರನ್ನಿಟ್ಟಿದ್ದಾರೆ. ನಾವು ಇಲ್ಲಿ ದವಡೆಯ ಕೀಲು ಎಂದೇ ಕರೆಯೋಣ.

ವೈದ್ಯರಲ್ಲದ ನಾವು ಈ ವಿಷಯವನ್ನು ಏಕೆ ಎತ್ತಿಕೊಂಡೆವೆಂದು ಶ್ರೋತೃಗಳು ಕೇಳಬಹುದು. ದಿನಕ್ಕೆ ಮೂರು ನಾಲ್ಕು ಗಂಟೆಗಳ ಕಾಲ ಮಾತನಾಡಿಯೇ ಅನ್ನ ಸಂಪಾದಿಸುವ ಉಪಾಧ್ಯಾಯ ವರ್ಗಕ್ಕೆ ದವಡೆಯೆಂಬುದು ಬಡಗಿಗೆ ಉಳಿಯಿದ್ದಂತೆ. ಉಳಿ ಕೆಟ್ಟಾಗ ಅದನ್ನು ಯಾರ ಬಳಿಗೆ ಕೊಂಡೊಯ್ಯಬೇಕೆಂದು ತಿಳಿಯದೆ ಅಲೆದವರನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ನಮ್ಮ ಮಿತ್ರರೊಬ್ಬರು, ಅವರೂ ಕಾಲೇಜಿನಲ್ಲಿ ಪಾಠ ಹೇಳುವವರೇ, ಎಡಗಿವಿಯ ಮುಂದೆ ನೋವೆಂದು ಮೊದಲು ಕಿವಿಯ ವೈದ್ಯರನ್ನು ಕಂಡರು. ಕಿವಿಯಲ್ಲಿ ದೋಷವೇನೂ ಕಾಣಲಿಲ್ಲ. ಆದರೂ ಹನಿಮದ್ದು ಬಂತು. ನೋವು ಕೆಳಗಿನ ಹಲ್ಲುಗಳಿಗೆ ಹರಿದಂತೆ ತೋರಿತು. ಒಂದು ದವಡೆಹಲ್ಲು ಹೋಯಿತು. ಮೂರು ತಿಂಗಳ ಮೇಲೆ ಅದರ ಪಕ್ಕದ್ದೂ ಹೋಯಿತು. ಹಲ್ಲುಗಳು ಸರಿಯಾಗಿ ಕೂಡುವುದಿಲ್ಲವೆಂದು ಮೂರನೆಯವರು ಉಳಿದ ಹಲ್ಲುಗಳ ತುದಿಗಳನ್ನು ಅರೆದರು. ನೋವು ಮಾತ್ರ ಇದ್ದಲ್ಲಿಯೇ ಇತ್ತು. ಕೊನೆಗೆ ಅವರಿಗೆ ಗುಣ ಕೊಟ್ಟದ್ದು ಒಂದು ಬಿಸಿನೀರಿನ ಬಟ್ಟೆ, ಒಂದು ಕನ್ನಡಿ, ಮತ್ತು ಆರು ವಾರಗಳ ಕಾಲ ಅವರ ದವಡೆಗೆ ನಡಿಗೆ ಕಲಿಸಿದ ಒಬ್ಬ ಭೌತಚಿಕಿತ್ಸಕರ ಬೆರಳುಗಳು. ಕಳೆದ ಹಲ್ಲುಗಳು ಮರಳಿ ಬರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇದು ಅಪರೂಪದ ಕಥೆಯಲ್ಲ. ಪ್ರಾಯದವರಲ್ಲಿ ನೂರಕ್ಕೆ ಐದರಿಂದ ಹನ್ನೆರಡು ಮಂದಿಗೆ ಈ ಕೀಲಿನ ಅಥವಾ ಅದರ ಮಾಂಸಖಂಡಗಳ ಬಾಧೆ ಇರುವುದೆಂದು ಅಮೆರಿಕದ ಲೆಕ್ಕಗಳು ಹೇಳುತ್ತವೆ. ಇಪ್ಪತ್ತರಿಂದ ನಲವತ್ತು ವರ್ಷದವರೊಳಗೆ ಹೆಚ್ಚು. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು.

ಕೀಲಿನ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳದೆ ಮುಂದಿನ ಮಾತು ಸಾಗದು. ಕೆಳದವಡೆಯ ಎಲುಬು ಕುದುರೆಯ ಲಾಳದ ಆಕಾರದ್ದು. ಅದರ ಎರಡು ತುದಿಗಳೂ ಮೇಲಕ್ಕೆ ಬಾಗಿ, ಒಂದೊಂದು ಗುಂಡುತಲೆಯಾಗಿ, ತಲೆಬುರುಡೆಯ ಪಕ್ಕದಲ್ಲಿರುವ ಗುಳಿಗಳಲ್ಲಿ ಕುಳಿತಿವೆ. ಗುಳಿಗೂ ಗುಂಡುತಲೆಗೂ ನಡುವೆ ನಾರಿನಿಂದಾದ ಒಂದು ಸಣ್ಣ ಬಿಲ್ಲೆ ಉಂಟು. ಬಾಗಿಲ ಕೀಲಿನಂತೆ ಬರಿದೆ ತಿರುಗುವುದಾಗಿದ್ದರೆ ಈ ಬಿಲ್ಲೆಗೆ ಅಷ್ಟು ಕೆಲಸವಿರುತ್ತಿರಲಿಲ್ಲ. ಆದರೆ ಈ ಕೀಲು ಮೊದಲು ತಿರುಗುತ್ತದೆ, ಬಳಿಕ ಗುಳಿಯನ್ನು ಬಿಟ್ಟು ಮುಂದಕ್ಕೆ ಜಾರುತ್ತದೆ; ಬಿಲ್ಲೆಯೂ ಟೋಪಿಯಂತೆ ಅದರೊಡನೆ ಜಾರಬೇಕು. ಬಾಯಿ ಪೂರ್ತಿ ತೆರೆದಾಗ ಮುಂಭಾಗದ ಮೇಲು ಕೆಳಹಲ್ಲುಗಳ ನಡುವೆ ಸುಮಾರು 40ರಿಂದ 50 ಮಿಲಿಮೀಟರು ಅಂತರ. ತನ್ನ ಕೈಯ ಮೂರು ಬೆರಳುಗಳನ್ನು ನಿಲ್ಲಿಸಿ ತೂರಿಸಲು ಸಾಧ್ಯವಾದರೆ ಸರಿಯಾಗಿದೆಯೆಂದು ತಿಳಿಯಬಹುದು. ಇನ್ನೊಂದು ವಿಶೇಷ. ಎಡಗೀಲೂ ಬಲಗೀಲೂ ಒಂದೇ ಎಲುಬಿಗೆ ಸೇರಿದುದರಿಂದ ಒಂದು ಅಲುಗಾಡಿದರೆ ಇನ್ನೊಂದು ಸುಮ್ಮನಿರಲಾರದು. ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಹಿಂದೆ ಬಿದ್ದರೆ ನೊಗವೇ ಓರೆಯಾಗುವಂತೆ, ಒಂದು ಪಕ್ಕದ ಕೀಲು ಜಾರಲಾರದೆ ಹೋದರೆ ಬಾಯಿ ತೆರೆಯುವಾಗ ಗಲ್ಲವು ಆ ಪಕ್ಕಕ್ಕೆ ವಾಲುತ್ತದೆ. ಕನ್ನಡಿಯ ಮುಂದೆ ನಿಂತು ಯಾರು ಬೇಕಾದರೂ ಇದನ್ನು ನೋಡಿಕೊಳ್ಳಬಹುದು.

ಈ ಎಲುಬನ್ನು ಆಡಿಸುವ ಮಾಂಸಖಂಡಗಳಲ್ಲಿ ಮುಖ್ಯವಾದವು ಪಕ್ಕಕ್ಕೆ ನಾಲ್ಕು. ಹಲ್ಲು ಕಚ್ಚಿದಾಗ ಕೆನ್ನೆಯ ಹಿಂಭಾಗದಲ್ಲಿ ಉಬ್ಬುವುದು ಒಂದು. ಕಣತಲೆಯ ಮೇಲೆ ಬೀಸಣಿಗೆಯಂತೆ ಹರಡಿರುವುದು ಇನ್ನೊಂದು. ದವಡೆಯ ಒಳಮೈಯಲ್ಲಿರುವುದು ಮೂರನೆಯದು. ಈ ಮೂರೂ ಬಾಯನ್ನು ಮುಚ್ಚುವವು. ನಾಲ್ಕನೆಯದು ಗುಂಡುತಲೆಯನ್ನು ಮುಂದಕ್ಕೆ ಎಳೆಯುವುದು. ಪ್ರಕೃತಿಯು ಮುಚ್ಚುವುದಕ್ಕೆ ಇಷ್ಟು ಬಲವನ್ನು ಕೊಟ್ಟು ತೆರೆಯುವುದಕ್ಕೆ ಸ್ವಲ್ಪವನ್ನೇ ಕೊಟ್ಟಿರುವುದನ್ನು ಕಂಡರೆ, ಮಾತಿಗಿಂತ ಮೌನವೇ ಅದಕ್ಕೆ ಮೆಚ್ಚುಗೆಯೇನೋ ಎಂಬ ಸಂದೇಹ ನಮ್ಮಂತಹ ಉಪನ್ಯಾಸಕರಿಗೆ ಬರುವುದು ಸಹಜ.

ನೋವು ಕಿವಿಗೂ ಹಲ್ಲಿಗೂ ತಲೆಗೂ ಏಕೆ ಹರಿಯುತ್ತದೆ? ಈ ಕೀಲಿಗೂ, ಕಿವಿಯ ಮುಂಭಾಗಕ್ಕೂ, ಕಣತಲೆಯ ಚರ್ಮಕ್ಕೂ ಸ್ಪರ್ಶವನ್ನು ಒಯ್ಯುವ ನರತಂತು ಒಂದೇ. ಅದು ಮಿದುಳಿನ ಐದನೆಯ ನರದ ಒಂದು ಕವಲು. ಕೆಳಗಿನ ಹಲ್ಲುಗಳ ಸುದ್ದಿಯನ್ನು ಕೊಂಡೊಯ್ಯುವುದೂ ಅದೇ ನರದ ಇನ್ನೊಂದು ಕವಲು. ಹಲವು ಮನೆಗಳ ಕಾಗದಗಳು ಒಂದೇ ಅಂಚೆಯ ಚೀಲದಲ್ಲಿ ಬಂದಾಗ, ಮೇಲುವಿಳಾಸ ಮಸುಕಾಗಿದ್ದರೆ, ಅಂಚೆಯವನು ತಪ್ಪು ಬಾಗಿಲು ತಟ್ಟುತ್ತಾನೆ. ಮಿದುಳೂ ಹಾಗೆಯೇ ಕೀಲಿನ ದೂರನ್ನು ಕಿವಿಯ ದೂರೆಂದು ಓದಿಕೊಳ್ಳುತ್ತದೆ. ರೋಗಿಯು ಸುಳ್ಳು ಹೇಳುವುದಿಲ್ಲ. ಅವನ ನರವೇ ಅವನಿಗೆ ಹಾಗೆ ಹೇಳಿರುತ್ತದೆ. ಇದನ್ನು ತಿಳಿಯದೆ ನೋವು ಕಂಡಲ್ಲಿ ಇಕ್ಕಳ ಹಾಕಿದರೆ ನಮ್ಮ ಮಿತ್ರರ ಗತಿಯೇ ಗತಿ.

ದವಡೆಯ ಕೀಲಿನ ಚಿಕಿತ್ಸೆ ಹೊಸದಲ್ಲ. ಈಜಿಪ್ಟಿನಲ್ಲಿ ದೊರೆತ, ಎಡ್ವಿನ್ ಸ್ಮಿತ್ ಎಂಬವನ ಹೆಸರಿನಿಂದ ಪ್ರಸಿದ್ಧವಾದ, ಕ್ರಿಸ್ತಪೂರ್ವ 1600ರ ಸುಮಾರಿನ ಓಲೆಯಲ್ಲಿ, ಕಳಚಿಹೋದ ದವಡೆಯನ್ನು ಕೂರಿಸುವ ಕ್ರಮವಿದೆ: ಹೆಬ್ಬೆರಳುಗಳನ್ನು ಬಾಯೊಳಗೆ ಇಟ್ಟು, ಉಳಿದ ಬೆರಳುಗಳನ್ನು ಗಲ್ಲದ ಕೆಳಗಿರಿಸಿ, ಎಲುಬನ್ನು ಹಿಂದಕ್ಕೆ ತಳ್ಳಬೇಕು. ಇಂದಿನ ಆಸ್ಪತ್ರೆಯಲ್ಲಿಯೂ ಹೆಚ್ಚು ಕಡಿಮೆ ಅದನ್ನೇ ಮಾಡುತ್ತಾರೆ. ನಮ್ಮ ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿಯೂ ಹನುಸಂಧಿಯು ಸಡಿಲಿದಾಗ ಎಲುಬುಗಳನ್ನು ಕೂಡಿಸಿ, ಶಾಖ ಕೊಟ್ಟು, ಪಂಚಾಂಗಿಯೆಂಬ ಕಟ್ಟನ್ನು ಕಟ್ಟಬೇಕೆಂಬ ವಿಧಿಯುಂಟು. ಹನು ಎಂದರೆ ದವಡೆ. ಆ ಶಬ್ದವು ನಮಗೆ ಹನುಮಂತನ ಹೆಸರಿನಿಂದ ಪರಿಚಿತವಾದದ್ದೇ. ಶಾಖ, ಕೈ, ಕಟ್ಟು: ಈ ಮೂರರಲ್ಲಿ ಮೊದಲಿನ ಎರಡು ಇಂದಿಗೂ ಉಳಿದುಕೊಂಡಿವೆ.

ಕಳಚದೆ ಬರಿದೆ ನೋಯುವ ಕೀಲಿನ ಕಥೆ ಮಾತ್ರ ಈಚಿನದು. ಅದು ಹಲವು ಅಡ್ಡದಾರಿಗಳನ್ನು ಹಿಡಿಯಿತು. 1934ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ಕಿವಿ ಮೂಗು ಗಂಟಲಿನ ವೈದ್ಯ ಜೇಮ್ಸ್ ಕಾಸ್ಟೆನ್ ಎಂಬವರು ಹನ್ನೊಂದು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಹಿಂದಿನ ಹಲ್ಲುಗಳು ಬಿದ್ದುಹೋದರೆ ದವಡೆಯು ಮಿತಿಮೀರಿ ಮುಚ್ಚಿಕೊಂಡು, ಗುಂಡುತಲೆಯು ಹಿಂದಕ್ಕೆ ಒತ್ತಿ, ನರವನ್ನೂ ಕಿವಿಯ ನಾಳವನ್ನೂ ಹಿಸುಕುತ್ತದೆಂಬುದು ಅವರ ವಾದ. ಹಲ್ಲಿನ ಎತ್ತರವನ್ನು ಹೆಚ್ಚಿಸಿದರೆ ಎಲ್ಲವೂ ಸರಿಹೋಗುವುದೆಂದರು. ಕಿವಿಯ ನೋವಿಗೆ ಕೀಲಿನತ್ತ ಬೆರಳು ತೋರಿಸಿದ ಕೀರ್ತಿ ಅವರಿಗೆ ಸಲ್ಲಬೇಕು. ಆದರೆ 1948ರಲ್ಲಿ ಶರೀರರಚನಾ ಶಾಸ್ತ್ರಜ್ಞ ಹ್ಯಾರಿ ಸಿಕರ್ ಅವರು, ಹಾಗೆ ಹಿಸುಕಲು ಆ ಜಾಗದಲ್ಲಿ ರಚನೆಯೇ ಅವಕಾಶ ಕೊಡುವುದಿಲ್ಲವೆಂದು ತೋರಿಸಿದರು. ವಾದ ಬಿದ್ದುಹೋಯಿತು, ಅಭ್ಯಾಸ ಬೀಳಲಿಲ್ಲ. ಹಲ್ಲುಗಳ ಕೂಡಿಕೆಯೇ ಎಲ್ಲ ದೋಷಕ್ಕೂ ಮೂಲವೆಂದು ನಂಬಿ ಹಲ್ಲು ಅರೆಯುವ ಪದ್ಧತಿಯು ದಶಕಗಳ ಕಾಲ ಮುಂದುವರಿಯಿತು.

ಅಷ್ಟರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಲಾಸ್ಲೊ ಶ್ವಾರ್ಟ್ಸ್ ಎಂಬವರು ರೋಗಿಗಳನ್ನು ಒಬ್ಬೊಬ್ಬರನ್ನಾಗಿ ನೋಡಿ, ನೋವಿನ ಮೂಲ ಬಹುಪಾಲು ಎಲುಬಿನಲ್ಲಲ್ಲ, ಹಲ್ಲಿನಲ್ಲಿಯೂ ಅಲ್ಲ, ಸೆಟೆದ ಮಾಂಸಖಂಡಗಳಲ್ಲಿದೆ ಎಂದರು. ದವಡೆಯನ್ನು ಕ್ರಮವಾಗಿ ಆಡಿಸುವ ಅಭ್ಯಾಸವನ್ನು ಅವರು ಚಿಕಿತ್ಸೆಯಲ್ಲಿ ಸೇರಿಸಿದರು. 1969ರಲ್ಲಿ ಷಿಕಾಗೋದ ಡೇನಿಯಲ್ ಲಾಸ್ಕಿನ್ ಅವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಮನಸ್ಸಿನ ಒತ್ತಡ, ಅದರಿಂದ ಹಲ್ಲು ಕಚ್ಚುವ ರೂಢಿ, ಅದರಿಂದ ಮಾಂಸಖಂಡದ ಆಯಾಸ, ಆಯಾಸದಿಂದ ಸೆಳೆತ, ಸೆಳೆತದಿಂದ ನೋವು ಎಂದು ಸರಪಣಿಯನ್ನು ಕಟ್ಟಿ ತೋರಿಸಿದರು. ಈ ಸರಪಣಿಯ ಎಲ್ಲ ಕೊಂಡಿಗಳೂ ಈಗ ಅಷ್ಟೇ ಗಟ್ಟಿಯಾಗಿ ಉಳಿದಿಲ್ಲ. ಆದರೂ ನೋಟ ತಿರುಗಿದ್ದು ಅಲ್ಲಿಂದ.

1976ರಲ್ಲಿ ಲಾಸ್ಕಿನ್ ಅವರ ಗುಂಪಿನವರೇ ಪ್ರಕಟಿಸಿದ ಒಂದು ಪ್ರಯೋಗವನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಿಲ್ಲ. ಇಪ್ಪತ್ತೈದು ರೋಗಿಗಳಿಗೆ ಹಲ್ಲು ಅರೆಯುವ ನಾಟಕ ಮಾಡಿದರು. ಯಂತ್ರ ಸದ್ದು ಮಾಡಿತು. ಹಲ್ಲಿನ ಕೂಡಿಕೆ ಮಾತ್ರ ಇದ್ದಂತೆಯೇ ಇತ್ತು. ಆ ಇಪ್ಪತ್ತೈದರಲ್ಲಿ 16 ಮಂದಿ ನೋವು ಪೂರ್ತಿಯಾಗಿಯೋ ಬಹುಮಟ್ಟಿಗೋ ಹೋಯಿತೆಂದು ಹೇಳಿದರು! ಇದನ್ನು ಕೇಳಿ ರೋಗಿಗಳನ್ನು ನಗುವುದು ತಕ್ಕುದಲ್ಲ. ಈ ಬಾಧೆಯು ಬಹುಮಂದಿಯಲ್ಲಿ ತಾನಾಗಿ ಇಳಿಯುವ ಸ್ವಭಾವದ್ದು, ಮತ್ತು ಯಾರೋ ಒಬ್ಬರು ಗಮನಕೊಟ್ಟು ನೋಡಿದರೆಂಬುದೇ ಅರ್ಧ ಔಷಧ. ಆ ಪ್ರಯೋಗದಿಂದ ತಿಳಿಯುವುದು ಇಷ್ಟು. ಹಲ್ಲು ಅರೆದು ಗುಣಪಡಿಸಿದೆವೆಂದು ಹೇಳಿದವರ ಎಷ್ಟೋ ವಿಜಯಗಳು ಕಾಲವು ತಂದುಕೊಟ್ಟ ವಿಜಯಗಳಾಗಿದ್ದಿರಬಹುದು. ಭೌತಚಿಕಿತ್ಸೆಗೂ ಇದೇ ಪ್ರಶ್ನೆಯನ್ನು ಹಾಕಬೇಕಾದದ್ದು ನ್ಯಾಯ, ಹಾಕಿಯೂ ಇದ್ದಾರೆ. ಆದರೆ ಎರಡಕ್ಕೂ ಒಂದು ಭೇದವುಂಟು. ವ್ಯಾಯಾಮದಿಂದ ಗುಣವಾಗದಿದ್ದರೆ ವ್ಯಾಯಾಮವನ್ನು ನಿಲ್ಲಿಸಬಹುದು. ಅರೆದ ಹಲ್ಲನ್ನು ಬೆಳೆಸಲಾಗದು.

ಹಿಂತಿರುಗಲಾಗದ ಚಿಕಿತ್ಸೆಗಳಲ್ಲಿ ಅತ್ಯಂತ ಕಹಿಯಾದ ಅಧ್ಯಾಯ 1980ರ ದಶಕದ್ದು. ಅಮೆರಿಕದಲ್ಲಿ ಸಾವಿರಾರು ರೋಗಿಗಳ ಕೀಲಿನ ಬಿಲ್ಲೆಯನ್ನು ತೆಗೆದು ಅದರ ಸ್ಥಾನದಲ್ಲಿ ಟೆಫ್ಲಾನ್ ಸೇರಿದ ಕೃತಕ ವಸ್ತುವನ್ನು ಇಟ್ಟರು. ಅಗಿಯುವ ಒತ್ತಡಕ್ಕೆ ಅದು ಸವೆದು ಚೂರಾಯಿತು. ಆ ಚೂರುಗಳ ಮೇಲೆ ದೇಹವು ಯುದ್ಧ ಹೂಡಿ, ಆ ಯುದ್ಧದಲ್ಲಿ ಸುತ್ತಣ ಎಲುಬೇ ಕರಗಿತು. 1990–91ರಲ್ಲಿ ಸರ್ಕಾರವು ಎಚ್ಚರಿಕೆ ಕೊಟ್ಟು ಆ ವಸ್ತುವನ್ನು ಹಿಂದಕ್ಕೆ ತೆಗೆಸಿತು. ಸಣ್ಣ ನೋವಿಗೆಂದು ಹೋದವರಲ್ಲಿ ಕೆಲವರು ಜೀವಮಾನದ ನೋವನ್ನು ಹೊತ್ತು ಬಂದರು.

ಇಷ್ಟೆಲ್ಲ ಆದ ಮೇಲೆ, 2023ರ ಡಿಸೆಂಬರಿನಲ್ಲಿ, ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ವೈದ್ಯರೂ ರೋಗಿಗಳೂ ಕೂಡಿದ್ದ ಒಂದು ಅಂತರರಾಷ್ಟ್ರೀಯ ಮಂಡಲಿಯ ನಿರ್ಣಯ ಪ್ರಕಟವಾಯಿತು. ಮೂರು ತಿಂಗಳಿಗೆ ಮೀರಿದ ದವಡೆಯ ನೋವಿಗೆ ಆ ಮಂಡಲಿಯು ಬಲವಾಗಿ ಶಿಫಾರಸು ಮಾಡಿದವುಗಳನ್ನು ನೋಡಿದರೆ ಸುಶ್ರುತನಿಗೂ ಆಶ್ಚರ್ಯವಾಗುತ್ತಿರಲಿಲ್ಲ: ಚಿಕಿತ್ಸಕನ ಕೈಯಿಂದ ಕೀಲನ್ನು ಆಡಿಸುವುದು, ಮಾಂಸಖಂಡದ ನೋವಿನ ಗಂಟುಗಳನ್ನು ಒತ್ತುವುದು, ಹೇಳಿಕೊಟ್ಟು ಮಾಡಿಸುವ ದವಡೆಯ ವ್ಯಾಯಾಮ, ಕುತ್ತಿಗೆ ಬೆನ್ನುಗಳ ನಿಲುವನ್ನು ತಿದ್ದುವ ವ್ಯಾಯಾಮ, ಮನೆಯಲ್ಲಿ ತಾನೇ ಮಾಡಿಕೊಳ್ಳುವ ಆರೈಕೆ, ಇವುಗಳೊಡನೆ ಯೋಚನೆಯ ರೂಢಿಗಳನ್ನು ತಿದ್ದುವ ಮಾನಸಿಕ ಚಿಕಿತ್ಸೆ. ಹಲ್ಲಿನ ಸ್ಥಾನವನ್ನೇ ಬದಲಾಯಿಸುವ ಪಟ್ಟಿಗಳನ್ನೂ, ಬಿಲ್ಲೆಯನ್ನು ಕತ್ತರಿಸಿ ತೆಗೆಯುವುದನ್ನೂ ಬೇಡವೆಂದು ಅಷ್ಟೇ ಬಲವಾಗಿ ಹೇಳಿದೆ. ಇದಕ್ಕೆ ಆಧಾರವಾದ ಪ್ರಯೋಗಗಳು ಹಲವು ಸಣ್ಣವೇ. ಗುಣ ಸಂಭವ, ಅಪಾಯ ಅತ್ಯಲ್ಪ, ಖರ್ಚು ಸ್ವಲ್ಪ. ಮೊದಲ ಬಾಗಿಲಾಗಿ ಇದನ್ನೇ ತಟ್ಟಬೇಕೆಂಬುದಕ್ಕೆ ನಮ್ಮ ದೃಷ್ಟಿಯಲ್ಲಿ ಇಷ್ಟು ಸಾಕು.

ಭೌತಚಿಕಿತ್ಸೆಯೆಂದರೆ ಮೈತಿಕ್ಕುವುದೆಂದು ತಿಳಿದವರು ಇನ್ನೂ ಇದ್ದಾರೆ. 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಪೆರ್ ಹೆನ್ರಿಕ್ ಲಿಂಗ್ ವ್ಯಾಯಾಮದ ಶಾಲೆಯನ್ನು ತೆರೆದಾಗ ಅದು ಶಾಸ್ತ್ರವಾಗತೊಡಗಿತು. 1894ರಲ್ಲಿ ಇಂಗ್ಲೆಂಡಿನಲ್ಲಿ ನಾಲ್ವರು ದಾದಿಯರು ಸಂಘ ಕಟ್ಟಿದಾಗ ಅದು ಗೌರವದ ವೃತ್ತಿಯಾಯಿತು. ಎರಡು ಮಹಾಯುದ್ಧಗಳ ಗಾಯಾಳುಗಳು ಅದಕ್ಕೆ ಅನುಭವವನ್ನು ಕೊಟ್ಟರು. ಇಂದು ನಮ್ಮ ನಾಡಿನಲ್ಲಿಯೂ ಅದಕ್ಕೆ ವಿಶ್ವವಿದ್ಯಾನಿಲಯದ ಪದವಿಯುಂಟು.

ಚಿಕಿತ್ಸಕನು ಮಾಡುವುದೇನು? ಮೊದಲು ನೋಡುತ್ತಾನೆ, ಅಳೆಯುತ್ತಾನೆ. ಬಾಯಿ ಎಷ್ಟು ತೆರೆಯುವುದು, ಗಲ್ಲ ಯಾವ ಕಡೆಗೆ ವಾಲುವುದು, ಸದ್ದು ಯಾವಾಗ ಬರುವುದು, ಕುತ್ತಿಗೆ ಎಷ್ಟು ತಿರುಗುವುದು. ಬಳಿಕ ಕೈಚೀಲ ಧರಿಸಿದ ಹೆಬ್ಬೆರಳನ್ನು ಬಾಯೊಳಗಿಟ್ಟು, ಕೆನ್ನೆಯ ಮಾಂಸಖಂಡವನ್ನು ಒಳಗೂ ಹೊರಗೂ ಹಿಡಿದು, ಗಟ್ಟಿಯಾದ ಜಾಗಗಳನ್ನು ಮೆಲ್ಲಗೆ ಒತ್ತಿ ಬಿಡಿಸುತ್ತಾನೆ. ಅದೇ ಹೆಬ್ಬೆರಳನ್ನು ಕೆಳಗಿನ ದವಡೆಹಲ್ಲಿನ ಮೇಲಿಟ್ಟು ಎಲುಬನ್ನು ಸ್ವಲ್ಪ ಕೆಳಕ್ಕೂ ಮುಂದಕ್ಕೂ ಎಳೆದು ಕೀಲಿಗೆ ಬಿಡುವು ಕೊಡುತ್ತಾನೆ. ಇದರಲ್ಲಿ ಬಲಪ್ರಯೋಗವಿಲ್ಲ. ಬಲಪ್ರಯೋಗ ಮಾಡುವವನ ಬಳಿಗೆ ಎರಡನೆಯ ಸಲ ಹೋಗಬೇಡಿರಿ.

ಆದರೆ ಕೈಯ ಕೆಲಸಕ್ಕಿಂತ ಹೆಚ್ಚಿನದು ಅವನು ಕಲಿಸುವ ಪಾಠ. ಆ ಪಾಠದ ಮೊದಲ ಅಕ್ಷರ ದವಡೆಯ ವಿಶ್ರಾಂತಿ. ತುಟಿಗಳು ಕೂಡಿರಬೇಕು, ಹಲ್ಲುಗಳು ಬಿಟ್ಟಿರಬೇಕು, ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ, ‘ಲ’ ಎನ್ನುವಾಗ ತಾಗುವ ಜಾಗದಲ್ಲಿ, ಒತ್ತದೆ ನಿಂತಿರಬೇಕು. ಉಸಿರು ಮೂಗಿನಲ್ಲಿ ಆಡಬೇಕು. ಅಗಿಯುವಾಗಲೂ ನುಂಗುವಾಗಲೂ ಹೊರತು ಹಲ್ಲಿಗೆ ಹಲ್ಲು ತಾಗಬೇಕಾದ ಅಗತ್ಯವೇ ಇಲ್ಲ. ಹಾಗೆ ತಾಗುವ ಹೊತ್ತನ್ನೆಲ್ಲ ಕೂಡಿಸಿದರೆ ದಿನಕ್ಕೆ ಇಪ್ಪತ್ತು ನಿಮಿಷದ ಆಸುಪಾಸೆಂದು ಅಳೆದವರು ಹೇಳುತ್ತಾರೆ. ಉಳಿದ ಇಪ್ಪತ್ತಮೂರು ಗಂಟೆಗಳಿಗೂ ಮೀರಿದ ಕಾಲದಲ್ಲಿ ಹಲ್ಲುಗಳ ನಡುವೆ ಎರಡು ಮೂರು ಮಿಲಿಮೀಟರಿನ ತೆರಪು ಇರುವುದೇ ಸಹಜ ಸ್ಥಿತಿ.

ಆದರೆ ನಮ್ಮ ಭಾಷೆಯೇ ನಮಗೆ ಬೇರೆ ಪಾಠ ಕಲಿಸಿದೆ. ಕಷ್ಟ ಬಂದರೆ ಹಲ್ಲು ಕಚ್ಚಿಕೊಂಡು ಸಹಿಸು ಎನ್ನುತ್ತೇವೆ. ಕೋಪ ಬಂದರೆ ಹಲ್ಲು ಕಡಿದನು ಎನ್ನುತ್ತೇವೆ. ಅವುಡುಗಚ್ಚಿ ಕುಳಿತವನನ್ನು ಧೀರನೆನ್ನುತ್ತೇವೆ. ಪರೀಕ್ಷೆಯ ಮಂದಿರದಲ್ಲಿ ಮೇಲ್ವಿಚಾರಣೆಗೆ ನಿಂತು ಸಾಲುಸಾಲಾಗಿ ಬಗ್ಗಿದ ಮುಖಗಳನ್ನು ನೋಡುವಾಗ, ಪ್ರಶ್ನೆ ಬಿಗಿಯಾದಷ್ಟೂ ಕೆನ್ನೆಯ ಮೂಲೆಗಳು ಉಬ್ಬಿ ಇಳಿಯುವುದನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಬರೆಯುವವನಿಗೆ ತಾನು ಕಚ್ಚುತ್ತಿರುವುದು ತಿಳಿದಿರುವುದಿಲ್ಲ. ರಾತ್ರಿ ನಿದ್ರೆಯಲ್ಲಿ ಕಟಕಟನೆ ಹಲ್ಲು ಕಡಿಯುವವರಿಗಂತೂ ಪಕ್ಕದಲ್ಲಿ ಮಲಗಿದವರು ಹೇಳಿದಾಗಲೇ ಗೊತ್ತು. ನಿದ್ರೆಯದನ್ನು ತಡೆಯುವುದು ಕಷ್ಟ, ಎಚ್ಚರದ್ದನ್ನು ತಡೆಯಬಹುದು. ಬರೆಯುವ ಮೇಜಿನ ಮೇಲೆ, ಗಡಿಯಾರದ ಮೇಲೆ, ಒಂದೊಂದು ಕೆಂಪು ಚೀಟಿ ಅಂಟಿಸಿ, ಅದನ್ನು ಕಂಡಾಗಲೆಲ್ಲ ಹಲ್ಲು ಬಿಡಿಸಿಕೊಳ್ಳುವ ರೂಢಿಯನ್ನು ಚಿಕಿತ್ಸಕರು ಹೇಳಿಕೊಡುತ್ತಾರೆ. ಹಾಸ್ಯಾಸ್ಪದವೆಂದು ತೋರುವ ಈ ಉಪಾಯವೇ ಎಷ್ಟೋ ಮಂದಿಗೆ ಮಾತ್ರೆಗಿಂತ ಹೆಚ್ಚು ಫಲಕೊಟ್ಟಿದೆ.

ಇನ್ನು ವ್ಯಾಯಾಮ. ಚಿಲಿ ದೇಶದ ಭೌತಚಿಕಿತ್ಸಕ ಮರಿಯಾನೊ ರೊಕಬಾಡೊ ಅವರ ಕ್ರಮವು ಬಹಳ ಪ್ರಸಿದ್ಧ: ಆರು ಅಭ್ಯಾಸಗಳು, ಒಂದೊಂದೂ ಆರು ಸಲ, ದಿನಕ್ಕೆ ಆರು ಬಾರಿ. ಎಲ್ಲವನ್ನೂ ವಿವರಿಸಲು ಕಾಲ ಸಾಲದು, ಮತ್ತು ಕಿವಿಯಿಂದ ಕೇಳಿ ಕಲಿಯುವ ವಿದ್ಯೆಯೂ ಇದಲ್ಲ. ಎರಡು ಮೂರನ್ನು ಹೇಳುತ್ತೇವೆ. ನಾಲಿಗೆಯನ್ನು ಅಂಗುಳಿಗೆ ತಾಗಿಸಿಕೊಂಡೇ ಬಾಯಿ ತೆರೆಯುವುದು ಒಂದು. ನಾಲಿಗೆ ಬಿಡದಿದ್ದರೆ ಬಾಯಿ ಅರ್ಧದಷ್ಟೇ ತೆರೆಯುತ್ತದೆ. ಆಗ ಗುಂಡುತಲೆಯು ಬರಿದೆ ತಿರುಗುತ್ತದೆ, ಜಾರುವುದಿಲ್ಲ. ಜಾರಿಕೆಯಲ್ಲಿಯೇ ತೊಂದರೆಯಿರುವವರಿಗೆ ಇದು ನಡೆಯುವುದನ್ನು ಮೊದಲಿನಿಂದ ಕಲಿತಂತೆ. ಕನ್ನಡಿಯ ಮುಂದೆ, ಗಲ್ಲವು ನೇರವಾಗಿ ಇಳಿಯುವಂತೆ ನೋಡಿಕೊಂಡು ಮಾಡಬೇಕು. ಇನ್ನೊಂದು, ಹಲ್ಲುಗಳನ್ನು ಬಿಡಿಸಿಕೊಂಡು, ಗಲ್ಲದ ಪಕ್ಕದಲ್ಲಿ ಬೆರಳಿಟ್ಟು ಹಗುರವಾಗಿ ತಳ್ಳುವುದು. ದವಡೆ ಅಲುಗದಂತೆ ಎದುರು ಬಲವನ್ನು ಕೊಡುವುದು. ಒಂದು ಬೆರಳಿನ ಬಲ ಸಾಕು. ಕುಸ್ತಿಯ ಬಲ ಬೇಡ. ಮತ್ತೊಂದು ಕುತ್ತಿಗೆಯದು: ಗೋಡೆಗೆ ಬೆನ್ನು ಕೊಟ್ಟು ನಿಂತಂತೆ ತಲೆಯನ್ನು ಹಿಂದಕ್ಕೆ ತಂದು ಗಲ್ಲವನ್ನು ಸ್ವಲ್ಪ ಒಳಕ್ಕೆ ಸೆಳೆಯುವುದು. ದವಡೆಗೂ ಕುತ್ತಿಗೆಗೂ ಏನು ಸಂಬಂಧವೆಂದರೆ, ತಲೆಯನ್ನು ಮುಂದಕ್ಕೆ ಚಾಚಿ ಒಮ್ಮೆ ಹಲ್ಲು ಕೂಡಿಸಿ, ನೆಟ್ಟಗೆ ಕುಳಿತು ಇನ್ನೊಮ್ಮೆ ಕೂಡಿಸಿ ನೋಡಿರಿ. ಎರಡು ಸಲವೂ ಹಲ್ಲುಗಳು ಒಂದೇ ಜಾಗದಲ್ಲಿ ಕೂಡುವುದಿಲ್ಲ. ದಿನವೆಲ್ಲ ಉತ್ತರ ಪತ್ರಿಕೆಗಳ ಮೇಲೆ ಬಗ್ಗುವವರೂ, ಕೈಯಲ್ಲಿ ಹಿಡಿದ ಫೋನಿನ ಮೇಲೆ ಬಗ್ಗುವವರೂ ಇದನ್ನು ಗಮನಿಸಬೇಕು.

ಮಾಂಸಖಂಡವೇ ಬಿಗಿದು ಬಾಯಿ ತೆರೆಯದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ ಶಾಖ ಕೊಟ್ಟು, ಆಮೇಲೆ ಹೆಬ್ಬೆರಳನ್ನು ಮೇಲಿನ ಹಲ್ಲುಗಳಿಗೂ ತೋರುಬೆರಳನ್ನು ಕೆಳಗಿನ ಹಲ್ಲುಗಳಿಗೂ ಕೊಟ್ಟು ಮೆಲ್ಲಗೆ ಅಗಲಿಸುವುದುಂಟು. ಎಳೆತ ತಿಳಿಯಬೇಕು, ಚುಚ್ಚುವ ನೋವು ಬರಕೂಡದು. ಪೆಟ್ಟು ಬಿದ್ದು ಹೊಸದಾಗಿ ಊದಿಕೊಂಡಿದ್ದರೆ ಶಾಖವಲ್ಲ, ತಂಪು.

ಈ ಸಣ್ಣ ಅಲುಗಾಟಗಳಿಂದ ಏನಾಗುತ್ತದೆ? ಕೀಲಿನ ಬಿಲ್ಲೆಯ ನಡುಭಾಗದಲ್ಲಿ ರಕ್ತನಾಳಗಳೇ ಇಲ್ಲ. ಕೀಲಿನೊಳಗಿನ ಜಿಡ್ಡುನೀರಿನಿಂದಲೇ ಅದಕ್ಕೆ ಆಹಾರ. ಆ ನೀರು ಹರಿಯುವುದು ಕೀಲು ಆಡಿದಾಗ. ನೋವಿಗೆ ಹೆದರಿ ಬಾಯನ್ನು ಬಿಗಿದುಕೊಂಡರೆ ಕೀಲು ಉಪವಾಸ ಬೀಳುತ್ತದೆ, ಮಾಂಸಖಂಡ ಕುಗ್ಗುತ್ತದೆ, ಆಡಿಸುವ ಧೈರ್ಯ ಇನ್ನೂ ಕುಗ್ಗುತ್ತದೆ. ಹೆದರಿಕೆಯಿಲ್ಲದ ಮಿತವಾದ ಚಲನೆಯು ಈ ಸುತ್ತನ್ನು ಕಡಿಯುತ್ತದೆ. ಅಪಾಯವಿಲ್ಲವೆಂದು ಮಿದುಳಿಗೂ ಮನವರಿಕೆಯಾಗುತ್ತದೆ.

ಊಟದ ಮಾತನ್ನೂ ಹೇಳಬೇಕು. ಸಂಕ್ರಾಂತಿಯ ಕಬ್ಬನ್ನು ಸಿಗಿದು, ಕೋಡುಬಳೆ ನಿಪ್ಪಟ್ಟುಗಳನ್ನು ಕಡಿದು, ಮರುದಿನ ಕಿವಿನೋವೆಂದು ನರಳುವವರುಂಟು. ಕೆಲವು ವಾರ ಮೆದುವಾದುದನ್ನು, ಸಣ್ಣ ತುತ್ತುಗಳಲ್ಲಿ, ಎರಡು ಪಕ್ಕದಲ್ಲಿಯೂ ಅಗಿದು ತಿನ್ನಬೇಕು. ಈ ವಿಷಯದಲ್ಲಿ ರಾಗಿಮುದ್ದೆ ಉಣ್ಣುವವರು ಭಾಗ್ಯವಂತರು. ಅಗಿಯದೆ ನುಂಗುವ ಅನ್ನವನ್ನು ನಮ್ಮ ಹಿರಿಯರು ದವಡೆಯ ರೋಗಿಗಳಿಗಾಗಿಯೇ ಕಂಡುಹಿಡಿದಂತಿದೆ. ಆಕಳಿಕೆ ಬಂದಾಗ ಗಲ್ಲದ ಕೆಳಗೆ ಮುಷ್ಟಿ ಕೊಡುವುದು ಒಳ್ಳೆಯದು.

ಕೀಲಿನಲ್ಲಿ ಕಟ್ ಎಂಬ ಸದ್ದು ಕೇಳಿ ಗಾಬರಿಯಾಗುವವರು ಬಹಳ. ಬಿಲ್ಲೆಯು ಸ್ವಲ್ಪ ಮುಂದೆ ಸರಿದಿದ್ದು, ಬಾಯಿ ತೆರೆಯುವಾಗ ಗುಂಡುತಲೆಯು ಅದರ ಮೇಲೇರುವ ಸದ್ದು ಅದು. ಯಾವ ನೋವೂ ಇಲ್ಲದ ಎಷ್ಟೋ ಮಂದಿಯಲ್ಲಿ ಅದು ಇರುತ್ತದೆ. ನೋವಿಲ್ಲದ ಸದ್ದಿಗೆ ಚಿಕಿತ್ಸೆ ಬೇಡ. ಭೌತಚಿಕಿತ್ಸೆಯು ಬಿಲ್ಲೆಯನ್ನು ಮೊದಲಿನ ಜಾಗಕ್ಕೆ ತಂದು ಕೂರಿಸುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿರಿ. ನಮ್ಮ ಮಿತ್ರರ ಕೀಲು ಈಗಲೂ ಸದ್ದು ಮಾಡುತ್ತದೆ; ಅವರು ಎಂದಿನಂತೆ ಪಾಠ ಹೇಳುತ್ತಾರೆ, ಉಣ್ಣುತ್ತಾರೆ.

ಆದರೆ ದವಡೆಯ ನೋವೆಲ್ಲ ಕೀಲಿನದಲ್ಲ. ನಡೆಯುವಾಗಲೋ ಮೆಟ್ಟಿಲು ಹತ್ತುವಾಗಲೋ ದವಡೆ ನೊಂದು, ನಿಂತರೆ ಕಡಮೆಯಾದರೆ, ಅದು ಹೃದಯದ ಕೂಗಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಐವತ್ತು ದಾಟಿದವರಿಗೆ ಅಗಿಯುತ್ತ ಅಗಿಯುತ್ತ ದವಡೆ ಸೋತು ನೋಯುವುದು, ಕಣತಲೆ ಮುಟ್ಟಿದರೆ ನೋವು, ದೃಷ್ಟಿ ಮಂಜಾಗುವುದು, ಇವು ಕೂಡಿ ಬಂದರೆ ತಲೆಯ ರಕ್ತನಾಳದ ಉರಿಯೂತವೆಂದು ಶಂಕಿಸಬೇಕು. ಚಿಕಿತ್ಸೆ ತಡವಾದರೆ ಕಣ್ಣೇ ಹೋಗಬಹುದು. ಜ್ವರ, ಊತ, ಕೀವು ಇದ್ದರೆ ಹಲ್ಲಿನ ವೈದ್ಯರೇ ಮೊದಲು. ಗಾಯವಾದ ಮೇಲೆ ದವಡೆ ಗಟ್ಟಿಯಾಗಿ ಕಚ್ಚಿಕೊಂಡರೆ ಧನುರ್ವಾಯುವಿನ ಭಯವುಂಟು.

ನಮ್ಮ ನಾಡಿಗೆ ವಿಶೇಷವಾಗಿ ಸೇರಿದ್ದು ಇನ್ನೊಂದಿದೆ. ಅಡಕೆ ಬೆಳೆಯುವುದೂ ಅಡಕೆ ಮೆಲ್ಲುವುದೂ ನಮಗೆ ಹೆಮ್ಮೆಯ ವಿಷಯಗಳು. ಆದರೆ ಅಡಕೆಯನ್ನು, ಅದರಲ್ಲಿಯೂ ಗುಟ್ಕಾ ಮುಂತಾದ ಪುಡಿಗಳ ರೂಪದಲ್ಲಿ, ವರ್ಷಗಟ್ಟಲೆ ದವಡೆಯಲ್ಲಿಟ್ಟವರ ಕೆನ್ನೆಯ ಒಳಪೊರೆ ಬಿಳಿಚಿ, ನಾರುಗಟ್ಟಿ, ಬಾಯಿ ಮೂರು ಬೆರಳಿನಿಂದ ಎರಡು ಬೆರಳಿಗೆ, ಎರಡರಿಂದ ಒಂದಕ್ಕೆ ಇಳಿಯುತ್ತದೆ. ಖಾರ ತಿಂದರೆ ಉರಿ. ಇದು ಕೀಲಿನ ರೋಗವಲ್ಲ. ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು ಅಡಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿ ಎರಡು ದಶಕಗಳಾದುವು. ಇಂತಹವರಿಗೂ ಬಾಯಿ ತೆರೆಯುವ ವ್ಯಾಯಾಮ ಹೇಳುತ್ತಾರೆ. ಆದರೆ ಅಡಕೆ ಬಿಡದೆ ಮಾಡುವ ವ್ಯಾಯಾಮ ತೂತು ಕೊಡಕ್ಕೆ ನೀರು ಹೊಯ್ದಂತೆ.

ವ್ಯಾಯಾಮವೇ ಎಲ್ಲವೂ ಆಗುವ ಸಂದರ್ಭವೊಂದಿದೆ. ಚಿಕ್ಕ ಮಕ್ಕಳು ಜಗಲಿಯಿಂದಲೋ ಮರದಿಂದಲೋ ಗಲ್ಲ ಊರಿ ಬೀಳುತ್ತಾರೆ. ಗಲ್ಲದ ಗಾಯಕ್ಕೆ ಅರಿಸಿನ ಮೆತ್ತಿ ತಾಯಿತಂದೆಗಳು ಸುಮ್ಮನಾಗುತ್ತಾರೆ. ಪೆಟ್ಟು ಗಲ್ಲದಿಂದ ಸಾಗಿ ಕಿವಿಯ ಮುಂದಿನ ಗುಂಡುತಲೆಯನ್ನು ಮುರಿದಿರಬಹುದೆಂದು ಯಾರಿಗೂ ಹೊಳೆಯದು. ನೋವಿಗೆ ಮಗು ಬಾಯಿ ತೆರೆಯದು. ತೆರೆಯದ ಕೀಲಿನಲ್ಲಿ ಎಲುಬು ಬೆಳೆದು ಗುಳಿಗೂ ಗುಂಡುತಲೆಗೂ ಬೆಸುಗೆ ಬೀಳುತ್ತದೆ. ವರ್ಷ ಕಳೆದಂತೆ ಬಾಯಿ ಕಿರಿದಾಗುತ್ತದೆ, ಕೆಳದವಡೆ ಬೆಳೆಯುವುದಿಲ್ಲ, ಗಲ್ಲ ಹಿಂದಕ್ಕೆ ಸರಿದು ಮುಖದ ಆಕಾರವೇ ಬದಲಾಗುತ್ತದೆ, ರಾತ್ರಿ ಉಸಿರಿಗೂ ತೊಂದರೆ. ಅಂತಹ ಮಕ್ಕಳು ಮುಂದಿನ ಹಲ್ಲುಗಳ ಸಂದಿಯಲ್ಲಿ ಅನ್ನವನ್ನು ಬೆರಳಿನಿಂದ ತುರುಕಿಕೊಂಡು ಉಣ್ಣುತ್ತಾರೆ. ಶಸ್ತ್ರವೈದ್ಯರು ಆ ಬೆಸುಗೆಯನ್ನು ಕತ್ತರಿಸಿ ಬಾಯಿ ತೆರೆಸುತ್ತಾರೆ. ಆದರೆ ಆ ಮೇಜಿನ ಮೇಲೆ ಗಳಿಸಿ ಕೊಟ್ಟ ಮೂರು ಬೆರಳಿನ ಅಂತರವನ್ನು ಉಳಿಸಿಕೊಳ್ಳುವುದು ಮನೆಯವರ ಕೈಯಲ್ಲಿದೆ. ಶಸ್ತ್ರಚಿಕಿತ್ಸೆಯಾದ ಕೆಲವು ದಿನಗಳಲ್ಲಿಯೇ, ಮಗು ಅತ್ತರೂ, ಮರದ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಹಲ್ಲುಗಳ ನಡುವೆ ಸೇರಿಸುತ್ತ, ದಿನಕ್ಕೆ ಹಲವು ಸಲ ಬಾಯಿ ತೆರೆಸಬೇಕು. ಆರು ತಿಂಗಳು, ಕೆಲವರಿಗೆ ಒಂದು ವರ್ಷ. ಮರುಕದಿಂದ ಬಿಟ್ಟ ಮನೆಗಳಲ್ಲಿ ಬೆಸುಗೆ ಮತ್ತೆ ಬೀಳುತ್ತದೆ, ಮಗು ಮತ್ತೆ ಅದೇ ಮೇಜಿಗೆ ಬರುತ್ತದೆ. ಆದುದರಿಂದ ಇಂತಹ ವಾರ್ಡುಗಳಲ್ಲಿ ಮಗುವನ್ನು ಮನೆಗೆ ಕಳುಹಿಸುವ ಮೊದಲು ಭೌತಚಿಕಿತ್ಸಕರು ತಾಯಿಯನ್ನು ಪಕ್ಕಕ್ಕೆ ಕುಳ್ಳಿರಿಸಿಕೊಂಡು, ಕಡ್ಡಿಗಳನ್ನು ಅವಳ ಕೈಗೆ ಕೊಟ್ಟು, ಇವತ್ತು ಎಷ್ಟು, ನಾಳೆ ಎಷ್ಟು ಎಂದು ಎಣಿಸಿ ತೋರಿಸುತ್ತಾರೆ.